ಬೇಕರಿಯ ನೆಲಮಾಳಿಗೆ ಮತ್ತು ತೋಳದ ಪಡೆ

ನನ್ನ ಮಗಳ ಶಾಲೆಯ ಚೀಲದ ಮೇಲೆ ಒಂದು ತೋಳ ಊಳಿಡುತ್ತಿದೆ. ಹಸಿರು ಬಟ್ಟೆಯ ವೃತ್ತ, ಅದರೊಳಗೆ ಬೂದು ಬಣ್ಣದ ತಲೆ, ಮೂತಿ ಆಕಾಶದ ಕಡೆಗೆ. ಅಂಚಿನ ದಾರ ಒಂದು ಕಡೆ ಬಿಚ್ಚಿಕೊಂಡಿದ್ದರಿಂದ ತೋಳಕ್ಕೆ ಮೀಸೆ ಬಂದ ಹಾಗೆ ಕಾಣುತ್ತದೆ. ನನ್ನ ಹೆಂಡತಿ ವಾಣಿ ಅದನ್ನು ಎರಡು ಸಲ ಹೊಲಿದಿದ್ದಾಳೆ. ಮೂರನೆಯ ಸಲ ಹೊಲಿಯುವ ಸರದಿ ನನ್ನದಂತೆ.

ಇದು ಬಂದದ್ದು ರಾಣಿಯ ಹುಟ್ಟುಹಬ್ಬದ ದಿನ. ಆವತ್ತು ನಾವಿರುವ ಹಾಲೆಂಡಿನ ಲೈಡನ್ನಿನಲ್ಲಿ ಜನ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಬೀದಿಗೆ ಇಳಿಯುತ್ತಾರೆ, ಮಕ್ಕಳು ರಸ್ತೆಯ ಅಂಚಿನಲ್ಲಿ ಕಂಬಳಿ ಹಾಸಿಕೊಂಡು ಮನೆಯ ಹಳೇ ಸಾಮಾನು ಮಾರುತ್ತಾರೆ. ಮಗಳು ಮೇಘಾ ತನ್ನ ಜಿಗ್‌ಸಾ ಪಜಲ್ ಒಂದನ್ನು ಪಕ್ಕದ ಕಂಬಳಿಯ ಹುಡುಗನಿಗೆ ಕೊಟ್ಟು, ಬದಲಿಗೆ ಈ ಬಟ್ಟೆಯ ಚೂರು ತಂದಳು.

"ಆ ಪಜಲ್‌ನಲ್ಲಿ ಎರಡು ಮೂರು ತುಂಡು ಇಲ್ಲ ಅಂತ ಅವನಿಗೆ ಹೇಳಿದೆಯಾ?" ಅಂದೆ.

"ಅವನು ಕೇಳಲೇ ಇಲ್ಲ ಪಪ್ಪಾ," ಅಂತ ಡಚ್ಚಿನಲ್ಲಿ ಉತ್ತರ ಬಂತು. ತನ್ನ ಕಡೆ ತಪ್ಪಿದ್ದಾಗ ನನ್ನ ಮಗಳಿಗೆ ಕನ್ನಡ ಮರೆತುಹೋಗುತ್ತದೆ.

ಅದು ನಾಯಿಯೋ ತೋಳವೋ ಅನ್ನುವುದು ನಮ್ಮ ಮನೆಯಲ್ಲಿ ಕೆಲವು ದಿನ ವಿವಾದವಾಗಿಯೇ ಉಳಿದಿತ್ತು. ತೀರ್ಪು ಕೊಟ್ಟವರು ಪಕ್ಕದ ಮನೆಯ ರೀಟ್. ಅರವತ್ತು ದಾಟಿದ ವಿಧವೆ, ಬೆಲ್ಜಿಯಂ ಗಡಿಯ ಹತ್ತಿರದ ಹಳ್ಳಿಯವರು. ಮದುವೆಯಾಗಿ ಲೈಡನ್ನಿಗೆ ಬಂದವರು ಇಲ್ಲೇ ಉಳಿದುಬಿಟ್ಟರು. ಮೇಘಾಗೆ ಅವರು ಓಮಾ, ಅಂದರೆ ಅಜ್ಜಿ. ವಾಣಿ ಮಾಡುವ ಚಕ್ಕುಲಿಗೆ ನಮ್ಮ ಬೀದಿಯಲ್ಲಿ ಅವರಷ್ಟು ದೊಡ್ಡ ಅಭಿಮಾನಿ ಇಲ್ಲ. ಆವತ್ತು ಚಕ್ಕುಲಿಯ ಡಬ್ಬಿ ವಾಪಸ್ಸು ಕೊಡಲು ಬಂದವರು, ಕುರ್ಚಿಯ ಮೇಲಿದ್ದ ಚೀಲ ನೋಡಿ ನಿಂತುಬಿಟ್ಟರು.

"ಇದು ನಿಮಗೆ ಎಲ್ಲಿ ಸಿಕ್ತು?"

ಹೇಳಿದೆ.

"ಇವರೇ," ಅಂದರು. ಬೆರಳಿನಿಂದ ತೋಳದ ಮೂತಿ ಮುಟ್ಟಿದರು. "ಇವರೇ ಬಂದದ್ದು. ಅಮೆರಿಕದವರು. ನಾನು ಐವತ್ತು ವರ್ಷದಿಂದ ಹೇಳ್ತಾ ಇದ್ದೀನಿ, ನಮ್ಮೂರಲ್ಲಿ ಒಬ್ಬನೂ ನಂಬಲಿಲ್ಲ."

ವಿಷಯ ಇಷ್ಟು. ಎರಡನೆಯ ಮಹಾಯುದ್ಧದಲ್ಲಿ ರೀಟ್ ಅವರ ಹಳ್ಳಿಯನ್ನು ಜರ್ಮನರಿಂದ ಬಿಡಿಸಿದವರು ಕೆನಡಾ ಸೇನೆಯವರು ಅಂತ ಊರಿನ ನಂಬಿಕೆ. ಬೆಳಿಗ್ಗೆ ಟ್ಯಾಂಕುಗಳು ಬಂದವು, ಜನ ಅಡಗಿಕೊಂಡಿದ್ದ ಬೇಕರಿಯ ನೆಲಮಾಳಿಗೆಯಿಂದ ಮೇಲೆ ಬಂದು ಸೇಬು ಹಂಚಿದರು, ಹುಡುಗಿಯರು ಟ್ಯಾಂಕಿನ ಮೇಲೆ ಹತ್ತಿದರು. ಅದರ ಫೋಟೋ ಕೂಡ ಇದೆ. ಆದರೆ ಆಗ ಏಳೋ ಎಂಟೋ ವರ್ಷದವರಾಗಿದ್ದ ರೀಟ್, ಅದರ ಹಿಂದಿನ ರಾತ್ರಿಯೇ ಗೋಡೆಯ ಪಕ್ಕದಲ್ಲಿ ಸದ್ದಿಲ್ಲದೆ ಸಾಲಾಗಿ ನಡೆದುಹೋದ ಸೈನಿಕರನ್ನು ನೋಡಿದ್ದರಂತೆ. ದೂರದಲ್ಲಿ ಹುಲ್ಲಿನ ಬಣವೆ ಹೊತ್ತಿ ಉರಿಯುತ್ತಿತ್ತು, ಆ ಬೆಳಕಿನಲ್ಲಿ ಒಬ್ಬನ ಭುಜದ ಮೇಲೆ ಹೊಲಿದ ಇದೇ ತೋಳ ಕಂಡಿತಂತೆ. ಅವನು ಇವರನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟನಂತೆ.

ಈಗ ಊರಿನ ಸಮಿತಿಯವರು ಚರ್ಚಿನ ಮುಂದೆ ಒಂದು ಫಲಕ ನಿಲ್ಲಿಸಲು ಹೊರಟಿದ್ದರು: ಯಾರು ಯಾವಾಗ ಬಂದರು ಅನ್ನುವ ಫಲಕ. ಅದೇ ಶರತ್ಕಾಲದಲ್ಲಿ ಅಮೆರಿಕದಿಂದ, ಈ ತೋಳವನ್ನೇ ಗುರುತಾಗಿ ತೊಟ್ಟಿದ್ದ ಪಡೆಯ ಹಳೆಯ ಸೈನಿಕರು, ಈಗ ಮುದುಕರು, ಒಂದು ಬಸ್ಸಿನಲ್ಲಿ ಆ ಪ್ರದೇಶವನ್ನು ನೋಡಲು ಬರುತ್ತಿದ್ದರು. ಫಲಕದಲ್ಲಿ ಅವರ ಹೆಸರಿದ್ದ ಊರಲ್ಲಿ ಬಸ್ಸು ನಿಲ್ಲುತ್ತದೆ, ಇಲ್ಲದ ಊರನ್ನು ದಾಟಿಹೋಗುತ್ತದೆ.

"ಬಸ್ಸು ನಮ್ಮೂರಲ್ಲಿ ನಿಲ್ಲಬೇಕು," ಅಂದರು ರೀಟ್. "ನೀನು ಓದಿದವನು. ನನ್ನ ಜೊತೆ ಸಮಿತಿಗೆ ಬಾ."

ಓದುಗರೇ, ಇಂಥ ಕೆಲಸಕ್ಕೆ ನನ್ನಷ್ಟು ಅಯೋಗ್ಯ ಈ ದೇಶದಲ್ಲಿ ಸಿಗಲಾರ. ನಾನು ಸಂಖ್ಯಾಶಾಸ್ತ್ರದವನು. ಹೊಸ ಔಷಧಿ ಕುಡಿದ ರೋಗಿಗಳು "ನನಗೆ ವಾಸಿಯಾಯಿತು" ಅಂದರೆ "ನಿಜವಾಗಿಯೂ?" ಅಂತ ಕೇಳುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಜನ ಸುಳ್ಳು ಹೇಳುವುದಿಲ್ಲ. ತಪ್ಪಾಗಿ ನೆನಪಿಟ್ಟುಕೊಳ್ಳುತ್ತಾರೆ, ಅಷ್ಟೇ. ಇದನ್ನು ಯಾವ ವಿಶ್ವವಿದ್ಯಾನಿಲಯವೂ ನನಗೆ ಕಲಿಸಲಿಲ್ಲ. ಕಲಿಸಿದ್ದು ನನ್ನ ಅಕ್ಕ.

ನನಗೆ ಚೆನ್ನಾಗಿ ನೆನಪಿದೆ (ಈ ಮಾತು ಬಂದಲ್ಲೆಲ್ಲ ನೀವು ಎಚ್ಚರವಾಗಿರಬೇಕು): ಮೈಸೂರಿನ ನಮ್ಮ ಮನೆ, ಪಾಕಿಸ್ತಾನದ ಜೊತೆಗಿನ ಯುದ್ಧದ ದಿನಗಳು, ಕಿಟಕಿಯ ಗಾಜುಗಳಿಗೆಲ್ಲ ಕಪ್ಪು ಕಾಗದ ಅಂಟಿಸುತ್ತಿದ್ದೇವೆ. ಅಮ್ಮ ಮೈದಾ ಹಿಟ್ಟಿನ ಗೋಂದು ಕಾಯಿಸಿದ್ದಾಳೆ, ಹುಳ ಹಿಡಿಯದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸಿದ್ದಾಳೆ, ಆ ನೀಲಿ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ. ವೆಂಟಿಲೇಟರಿಗೆ ನನ್ನ ಕೈ ನಿಲುಕದೆ ಅಪ್ಪ ಎತ್ತಿ ಹಿಡಿದಿದ್ದಾರೆ. ಬೀದಿಯಲ್ಲಿ ಯಾರೋ "ಲೈಟ್ ಆರಿಸ್ರೀ" ಅಂತ ಕೂಗುತ್ತಾ ಹೋಗುತ್ತಿದ್ದಾರೆ. ಇದನ್ನೆಲ್ಲ ಒಮ್ಮೆ ಫೋನಿನಲ್ಲಿ ಅಕ್ಕನಿಗೆ ಹೇಳಿದಾಗ ಅವಳು ನಕ್ಕಳು.

"ಅದು ಮೈಸೂರಲ್ಲ ಕಣೋ. ಬಾಂಬೆ ಚಿಕ್ಕಪ್ಪ ಬಂದಾಗ ಹೇಳ್ತಿದ್ದ ಕತೆ ಅದು. ಮೈಸೂರಲ್ಲಿ ಯಾರು ಕಾಗದ ಅಂಟಿಸಿದ್ರು? ಬಾಂಬ್ ಹಾಕೋಕೆ ನಮ್ಮಲ್ಲಿ ಏನಿತ್ತು, ಮೈಸೂರ್ ಪಾಕಾ?"

"ಮತ್ತೆ ಆ ಗೋಂದಿನ ವಾಸನೆ?"

"ಅದು ಸ್ಕೂಲ್ ಪುಸ್ತಕಕ್ಕೆ ಬೈಂಡ್ ಹಾಕ್ತಿದ್ದಾಗಿಂದು. ನೀನು ನೆಕ್ಕಿ ವಾಂತಿ ಮಾಡ್ಕೊಂಡಿದ್ದೆ, ಅದು ನೆನಪಿಲ್ವಾ?"

ಅದು ನೆನಪಿರಲಿಲ್ಲ. ಚಿಕ್ಕಪ್ಪನ ಬೊಂಬಾಯಿಯನ್ನು ನಾನು ನಮ್ಮ ಮನೆಯ ಕಿಟಕಿಗೆ ಅಂಟಿಸಿಕೊಂಡಿದ್ದೆ. ಅಥವಾ ಅಕ್ಕನೇ ಮರೆತಿದ್ದಾಳೋ? ಅಮ್ಮ ಅಪ್ಪ ಇಬ್ಬರೂ ಇಲ್ಲದ ಮೇಲೆ ನನ್ನ ಮತ ಒಂದು, ಅಕ್ಕನದು ಒಂದು. ಫಲಿತಾಂಶವನ್ನು ಶಾಶ್ವತವಾಗಿ ತಡೆಹಿಡಿಯಲಾಗಿದೆ. ಹೀಗಿರುವಾಗ ಇನ್ನೊಬ್ಬರ ಬಾಲ್ಯದ ತೋಳಕ್ಕೆ ನಾನು ಹೇಗೆ ಜಾಮೀನು ನಿಲ್ಲಲಿ?

ಆದರೂ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಆ ತೋಳದ ಪಡೆಯ ಇತಿಹಾಸ ಹುಡುಕಿಕೊಂಡು ಗ್ರಂಥಾಲಯಕ್ಕೆ ಹೋದೆ.

"ರೀ, ಆ ಅಜ್ಜಿಗೆ ಸಹಾಯ ಮಾಡೋಕೆ ಹೋಗ್ತಿದ್ದೀರೋ, ಸುಳ್ಳು ಅಂತ ತೋರಿಸೋಕೆ ಹೋಗ್ತಿದ್ದೀರೋ?" ಅಂದಳು ವಾಣಿ.

"ಅದು ಓದಿದ ಮೇಲೆ ಗೊತ್ತಾಗುತ್ತೆ," ಅಂದೆ. ಅವಳು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ವರ್ಣಿಸುವುದಿಲ್ಲ.

ತೋಳದ ಪಡೆ ಒಂದು ಪದಾತಿ ಡಿವಿಷನ್. ಹಾಗಂದರೆ ಬಂದೂಕು ಹಿಡಿದವರ ಗುಂಪು ಅಂತ ನಾನು ತಿಳಿದಿದ್ದೆ. ಅಲ್ಲವಂತೆ. ಒಂದು ತಾಲ್ಲೂಕು ಕೇಂದ್ರವನ್ನು ಬೆಳಗಾಗುವುದರೊಳಗೆ ಎಬ್ಬಿಸಿ, ಎಲ್ಲರಿಗೂ ಒಂದೇ ಬಣ್ಣದ ಅಂಗಿ ತೊಡಿಸಿ, ಕೆಸರಿನಲ್ಲಿ ನಡೆಸಿಕೊಂಡು ಹೋದರೆ ಹೇಗಿರುತ್ತದೋ ಹಾಗೆ. ಅಡುಗೆಯವರು, ಅಂಚೆಯವರು, ಹಲ್ಲಿನ ಡಾಕ್ಟರು, ಪಾದ್ರಿ, ಬೂಟು ರಿಪೇರಿಯವನು, ಎಲ್ಲರೂ ಇರುತ್ತಾರೆ. ಅವರ ಇತಿಹಾಸವನ್ನು ಅವರೇ ಬರೆದುಕೊಂಡಿರುತ್ತಾರೆ. ಅದು ಮದುವೆಯ ಆಲ್ಬಮ್ ಇದ್ದ ಹಾಗೆ. ಎಲ್ಲರೂ ಸಾಲಾಗಿ ನಿಂತಿರುತ್ತಾರೆ, ಯಾರು ಯಾರ ಮೇಲೆ ಮುನಿಸಿಕೊಂಡು ಊಟ ಬಿಟ್ಟಿದ್ದರು ಅನ್ನುವುದು ಮಾತ್ರ ಸಿಗುವುದಿಲ್ಲ. ತೋಳದ ಪಡೆಯ ಹುಡುಗರು ಅಮೆರಿಕದ ಹೊಲಗಳಿಂದ, ಅಂಗಡಿಗಳಿಂದ, ಕಾಲೇಜುಗಳಿಂದ ಬಂದವರು. ಪಶ್ಚಿಮದ ಮರುಭೂಮಿಯಲ್ಲೂ ಬೆಟ್ಟಗಳಲ್ಲೂ ತರಬೇತಿ. ಹಡಗು ಹತ್ತಿ ಫ್ರಾನ್ಸಿಗೆ ಬಂದರು. ಮೊದಲ ನಿಜವಾದ ಯುದ್ಧ ಮಾತ್ರ ಅವರಿಗೆ ಕಾದಿದ್ದದ್ದು ಬೆಲ್ಜಿಯಂ ದಾಟಿ, ಈ ಡಚ್ ಕೆಸರಿನಲ್ಲಿ. ಅದೂ ತಮ್ಮವರ ಜೊತೆಗಲ್ಲ, ಕೆನಡಾದವರ ಸೇನೆಯ ಕೈಕೆಳಗೆ.

ಅಲ್ಲಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಕೆನಡಾದವರ ಕೈಕೆಳಗಿದ್ದ ಅಮೆರಿಕನ್ನರು! ಅಂದಮೇಲೆ ಊರಿನವರು "ಕೆನಡಾ ಸೇನೆ" ಅಂದದ್ದೂ ಸುಳ್ಳಲ್ಲ, ರೀಟ್ "ಅಮೆರಿಕ" ಅಂದದ್ದೂ ಸುಳ್ಳಾಗಬೇಕಿಲ್ಲ.

ಮುಂದಿನ ಪುಟದಲ್ಲಿ ನಕ್ಷೆ ಇತ್ತು. ಪಡೆ ನಡೆದ ದಾರಿಯನ್ನು ದಪ್ಪ ಬಾಣದಿಂದ ತೋರಿಸಿದ್ದರು. ರೀಟ್ ಅವರ ಹಳ್ಳಿ ಎಲ್ಲಿ ಅಂತ ಹುಡುಕಿದರೆ, ಅದು ಸರಿಯಾಗಿ ಆ ಬಾಣದ ಅಡಿಯಲ್ಲಿ ಬಿದ್ದಿತ್ತು. ಹೆಸರಿನ ಒಂದಕ್ಷರವೂ ಕಾಣದ ಹಾಗೆ ಶಾಯಿ ಅದನ್ನು ಮುಚ್ಚಿಬಿಟ್ಟಿತ್ತು. ಪುಸ್ತಕದ ಒಳಗೂ ಆ ಹೆಸರಿಲ್ಲ. ಹಾದುಹೋದರು ಅಂತಲೂ ಹೇಳುವುದಿಲ್ಲ, ಹೋಗಲಿಲ್ಲ ಅಂತಲೂ ಹೇಳುವುದಿಲ್ಲ. ನನ್ನಂಥವನಿಗೆ ಹುಚ್ಚು ಹಿಡಿಸಲೆಂದೇ ಮುದ್ರಿಸಿದ ನಕ್ಷೆ ಅದು.

ಆದರೆ ಇನ್ನೊಂದು ಮಾತು ಮತ್ತೆ ಮತ್ತೆ ಬರುತ್ತಿತ್ತು. ಈ ಪಡೆಯ ವಿಶೇಷವೇ ರಾತ್ರಿಯ ಕಾಳಗ. ಕತ್ತಲಲ್ಲಿ, ಆದಷ್ಟೂ ಗುಂಡು ಹಾರಿಸದೆ, ಒಬ್ಬರ ಹಿಂದೆ ಒಬ್ಬರು ನುಸುಳಿಹೋಗುವುದನ್ನು ಅವರಿಗೆ ತಿಂಗಳುಗಟ್ಟಲೆ ಕಲಿಸಿದ್ದರು. ರಾತ್ರಿ ಊರು ದಾಟಿ ಮುಂದೆ ಹೋಗಿಬಿಡುವವರನ್ನು, ಬೆಳಗಾದ ಮೇಲೆ ನೆಲಮಾಳಿಗೆಯಿಂದ ಎದ್ದು ಬಂದವರು ನೋಡುವುದಾದರೂ ಹೇಗೆ? ಅವರಿಗೆ ಸಿಕ್ಕಿದ್ದು ಹಿಂದಿನಿಂದ ಬಂದ ಟ್ಯಾಂಕಿನವರು. ಸೇಬು ಸಿಕ್ಕಿದ್ದೂ ಅವರಿಗೇ.

ಆವತ್ತು ಮನೆಗೆ ಬಂದು ವಾಣಿಗೆ ಹೇಳಿದೆ: "ಸಮಿತಿಗೆ ಹೋಗ್ತೀನಿ. ರೀಟ್ ಕಡೆಯಿಂದ."

"ಹಾಗಾದ್ರೆ ಚಕ್ಕುಲಿ ತಗೊಂಡು ಹೋಗಿ," ಅಂದಳು. "ಬರೀ ವಾದ ತಗೊಂಡು ಹೋದ್ರೆ ಯಾರೂ ಬಾಗಿಲು ತೆಗೆಯಲ್ಲ."

ದಕ್ಷಿಣದ ಗಡಿಯತ್ತ, ಬ್ರೆಡಾ ಪಟ್ಟಣದ ಕಡೆಗೆ ಹೋಗುವ ರೈಲಿನಲ್ಲಿ ಎದುರುಬದುರು ಕೂತೆವು. ರೀಟ್ ಒಳ್ಳೆಯ ಕೋಟು ಹಾಕಿದ್ದರು, ತುಟಿಗೆ ಬಣ್ಣ ಹಚ್ಚಿದ್ದರು, ಕೈಚೀಲವನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದಿದ್ದರು. ನಾನು ಅಭ್ಯಾಸಬಲದಿಂದ ಪಾಟೀ ಸವಾಲು ಶುರುಮಾಡಿದೆ.

"ಎಲ್ಲರೂ ಬೇಕರಿಯ ನೆಲಮಾಳಿಗೆಯಲ್ಲಿದ್ದಾಗ ನೀವೊಬ್ಬರೇ ಯಾಕೆ ಮೇಲೆ ಹೋದಿರಿ?"

"ಹಸು ನೋಡೋಕೆ. ಹಿತ್ತಲಲ್ಲಿ ನಮ್ಮ ಹಸು ಇತ್ತು."

"ಯಾವ ಬಣ್ಣ?"

"ಹಸುವಿನ ಬಣ್ಣ," ಅಂದರು. ಆಮೇಲೆ ಕಿಟಕಿಯ ಕಡೆ ತಿರುಗಿ, "ನಿನ್ನ ಟಿಕೆಟ್ ಮೇಲೆ ಮುದ್ರೆ ಹೊಡೆಸಿದ್ದೀಯಾ?" ಅಂದರು. ರೈಲು ದೊಡ್ಡ ಸೇತುವೆ ದಾಟುತ್ತಿತ್ತು, ಕೆಳಗೆ ನೀರು ಅಗಲವಾಗಿ ಹರಡಿತ್ತು. ಹದಿಮೂರು ವಾರದ ಅಂಕಿಗಳು ಚೆನ್ನಾಗಿದ್ದು ಒಂದು ವಾರದ್ದು ಸುಳ್ಳೆಂದು ಗೊತ್ತಾದಾಗ ಇಡೀ ಪಟ್ಟಿಯೇ ಅನುಮಾನಕ್ಕೆ ಬೀಳುತ್ತದೆ. ಹಸು ಸುಳ್ಳಾದರೆ ತೋಳದ ಗತಿ ಏನು?

ಸಮಿತಿ ಸೇರಿದ್ದು ಊರಿನ ಕೆಫೆಯ ಹಿಂದಿನ ಕೋಣೆಯಲ್ಲಿ. ಆರೇಳು ಜನ, ಎಲ್ಲರೂ ರೀಟ್ ಅವರ ವಯಸ್ಸಿನ ಆಸುಪಾಸಿನವರು. ಕಾಫಿ ಬಂತು, ಬಿಸ್ಕತ್ತಿನ ಡಬ್ಬಿ ಒಂದು ಸುತ್ತು ಬಂದು, ಒಬ್ಬರಿಗೆ ಒಂದರಂತೆ ಕೊಟ್ಟು, ಮುಚ್ಚಿಕೊಂಡಿತು. ನಾನು ಚಕ್ಕುಲಿ ಡಬ್ಬಿ ತೆರೆದು ಮುಚ್ಚದೆ ಮೇಜಿನ ಮೇಲಿಟ್ಟೆ. ಇದು ಸಭೆಯಲ್ಲಿ ಸ್ವಲ್ಪ ಗಲಿಬಿಲಿ ಉಂಟುಮಾಡಿತು.

ಅಧ್ಯಕ್ಷ ಕೀಸ್ ದಪ್ಪಗಿನ, ಕೆಂಪು ಮುಖದ ಮನುಷ್ಯ. ಆ ಬೇಕರಿಯವರ ಮಗ, ತಾನೂ ಬೇಕರಿ ನಡೆಸಿ ಈಗ ಬಿಟ್ಟವನು.

"ರೀಟ್, ಮತ್ತೆ ಹಸುವಿನ ಕತೆಗೆ ಬಂದೆಯಾ?" ಅಂದ. ಎರಡು ಮೂರು ಜನ ನಕ್ಕರು. ಅದು ಕೆಟ್ಟ ನಗು ಅಲ್ಲ. ಹಳೇ ತಮಾಷೆಯ ನಗು. ಅದು ಇನ್ನೂ ಕೆಟ್ಟದ್ದು.

ನಾನು ಎದ್ದು ನನ್ನ ಮುರುಕು ಡಚ್ಚಿನಲ್ಲಿ ನಕ್ಷೆ, ಬಾಣ, ಕೆನಡಾದವರ ಕೈಕೆಳಗಿನ ಅಮೆರಿಕನ್ನರು, ರಾತ್ರಿಯ ಕಾಳಗ ಎಲ್ಲ ವಿವರಿಸಿದೆ. ಸಭ್ಯರಾಗಿ ಕೇಳಿದರು. ಒಬ್ಬಾಕೆ ತಲೆಯನ್ನೂ ಆಡಿಸಿದಳು. ಕೀಸ್ ಗಡ್ಡ ಕೆರೆದುಕೊಂಡ.

"ಆಗಿರಬಹುದು. ಆದರೆ ಆಗಿರಬಹುದು ಅಂತ ಲೋಹದ ಮೇಲೆ ಕೆತ್ತೋಕಾಗಲ್ಲ, ಅಲ್ಲವಾ? ನೋಡಿದವರು ಬೇಕು. ರೀಟ್ ನೋಡಿದ್ದು ಹಸು ನೋಡೋಕೆ ಹೋದಾಗ. ಅವರ ಮನೆ ಹಸುವನ್ನ ಜರ್ಮನರು ಆ ಬೇಸಿಗೆಯಲ್ಲೇ ಹೊಡಕೊಂಡು ಹೋಗಿದ್ದರು. ನಾನೇ ನೋಡಿದ್ದೀನಿ. ಅವರಪ್ಪ ಬೇಲಿ ಹಿಡಿದು ಅತ್ತಿದ್ದರು."

ನಿಜ ಹೇಳಬೇಕೆಂದರೆ, ನನ್ನೊಳಗಿನ ಸಂಖ್ಯಾಶಾಸ್ತ್ರಜ್ಞ ಆಗಲೇ ಕಡತ ಮುಚ್ಚುತ್ತಿದ್ದ.

ರೀಟ್ ಎದ್ದು ನಿಂತರು. ಕೈಚೀಲವನ್ನು ಕುರ್ಚಿಯ ಮೇಲಿಟ್ಟರು.

"ಹಸು ಇರಲಿಲ್ಲ," ಅಂದರು. "ಬಕೆಟ್ ಇತ್ತು."

"ಯಾವ ಬಕೆಟ್?"

"ನಿಮ್ಮ ನೆಲಮಾಳಿಗೆಯ ಬಕೆಟ್ ಕೀಸ್. ಮೂಲೆಯಲ್ಲಿ. ಇಡೀ ಬೀದಿಯವರ ಕಕ್ಕಸಿಗೆ ಒಂದೇ ಬಕೆಟ್. ಮುಂದೆ ಪರದೆ ಅಂತ ಹಿಟ್ಟಿನ ಚೀಲ ಹಿಡಿಯೋ ಕೆಲಸ ನಿನಗೆ ಕೊಟ್ಟಿದ್ದರು. ನೀನು ಹನ್ನೆರಡು ವರ್ಷದ ಕೋತಿ, ಚೀಲ ನೆಟ್ಟಗೆ ಹಿಡೀತಿರಲಿಲ್ಲ. ನಾನು ಸಂಜೆಯಿಂದ ತಡಕೊಂಡಿದ್ದೆ. ನಿನ್ನ ಚೀಲದ ಹಿಂದೆ ಕೂರೋದಕ್ಕಿಂತ ಜರ್ಮನರು ಗುಂಡು ಹೊಡೆದರೂ ಪರವಾಗಿಲ್ಲ ಅಂತ, ಎಲ್ಲರೂ ತೂಕಡಿಸುವಾಗ ಮೆಟ್ಟಿಲು ಹತ್ತಿದೆ. ಹಿತ್ತಲಿನ ಗೋಡೆಯ ಪಕ್ಕ ಕೂತೆ. ಅಲ್ಲಿ ಕೂತಿದ್ದಾಗ ಬಂದರು."

ಅವರ ಕುತ್ತಿಗೆ ಕಿವಿಯವರೆಗೆ ಕೆಂಪಾಗಿತ್ತು. ದನಿ ಮಾತ್ರ ಅಲುಗಲಿಲ್ಲ.

"ಸಾಲಾಗಿ ಹೋದರು. ನಾನು ಎದ್ದೇಳೋ ಹಾಗಿರಲಿಲ್ಲ. ಒಬ್ಬ ನೋಡಿದ. ತುಟಿಯ ಮೇಲೆ ಬೆರಳಿಟ್ಟ. ಆಮೇಲೆ ಬೇರೆ ಕಡೆ ಮುಖ ತಿರುಗಿಸಿಕೊಂಡು ಹೋದ, ನಾನು ನಾಚಿಕೊಳ್ಳಬಾರದು ಅಂತ. ನಮ್ಮಮ್ಮ ಕೇಳಿದಾಗ ಹಸು ಅಂದೆ, ಆಮೇಲೆ ಅದನ್ನೇ ಅನ್ನಬೇಕಾಯ್ತು. ಈಗ ನಿಮಗೆ ಇಷ್ಟ ಬಂದಿದ್ದು ಬರಕೊಳ್ಳಿ."

ಕೀಸ್ ಕಾಫಿಯ ಲೋಟ ನೋಡುತ್ತಿದ್ದ. ನಗುತ್ತಾನೆ ಅಂತ ನಾನು ಮುಷ್ಟಿ ಬಿಗಿ ಹಿಡಿದಿದ್ದೆ. ಅವನು ನಗಲಿಲ್ಲ.

"ಹೋಗಿದ್ದಳು," ಅಂದ, ನಮ್ಮ ಯಾರಿಗೂ ಅಲ್ಲದ ಹಾಗೆ. "ಮೆಟ್ಟಿಲಿನ ಬಾಗಿಲು ತೆರೆದಿತ್ತು. ನಾನು ಕಾವಲಿದ್ದು ಅವಳನ್ನ ಹೋಗೋಕೆ ಬಿಟ್ಟೆ ಅಂತ ಬೆಳಿಗ್ಗೆ ನಮ್ಮಮ್ಮ ನನ್ನ ಕೆನ್ನೆಗೆ ಬಾರಿಸಿದಳು. ಟ್ಯಾಂಕಿನ ಮೇಲೆ ಹತ್ತಿದ ಫೋಟೋದಲ್ಲಿ ನನ್ನ ಒಂದು ಕೆನ್ನೆ ಊದಿದೆ, ಬೇಕಾದರೆ ನೋಡಿ." ಆಮೇಲೆ ತಲೆಯೆತ್ತಿದ. "ಆ ರಾತ್ರಿ ನೆಲಮಾಳಿಗೆಯಿಂದ ಹೊರಗಿದ್ದವರು ಬೇರೆ ಯಾರಾದರೂ ಇದ್ದೀರಾ ಇಲ್ಲಿ?"

ಯಾರೂ ಕೈ ಎತ್ತಲಿಲ್ಲ.

"ಹಾಗಾದರೆ ರಾತ್ರಿಯ ವಿಷಯ ಅವಳಿಗೇ ಗೊತ್ತಿರೋದು," ಅಂದ ಕೀಸ್. "ಎರಡು ಸಾಲು ಹಾಕೋಣ. ರಾತ್ರಿ ಬಂದವರಿಗೆ ಒಂದು, ಬೆಳಿಗ್ಗೆ ಬಂದವರಿಗೆ ಒಂದು." ಕೈ ಚಾಚಿ ಒಂದು ಚಕ್ಕುಲಿ ತಗೊಂಡ. ಅದು ಅವನ ಮೂರನೆಯದೋ ನಾಲ್ಕನೆಯದೋ ಇರಬೇಕು.

ವಾಪಸ್ಸು ಬರುವಾಗ ರೀಟ್ ರೈಲಿನಲ್ಲಿ ಬಾಯಿ ತೆರೆದು ನಿದ್ದೆ ಹೋದರು. ನಾನು ಎಚ್ಚರವಾಗಿದ್ದು ಯೋಚಿಸಿದೆ: ನನ್ನ ವೃತ್ತಿಯ ಪ್ರಕಾರ, ಹಸು ಬಿದ್ದ ಕೂಡಲೇ ಸಾಕ್ಷ್ಯವೂ ಬೀಳಬೇಕಿತ್ತು. ಬೀಳುವ ಬದಲು ಗಟ್ಟಿಯಾಯಿತು. ಇದಕ್ಕೆ ಸೂತ್ರ ನನ್ನ ಪುಸ್ತಕಗಳಲ್ಲಿಲ್ಲ.

ಶರತ್ಕಾಲದಲ್ಲಿ ಬಸ್ಸು ಬಂತು. ಚರ್ಚಿನ ಮುಂದೆ ನಿಂತಿತು. ಬ್ಯಾಂಡು ಬಾರಿಸಿದರು, ಮಳೆ ಬರುವ ಮೊದಲೇ ಭಾಷಣ ಮುಗಿಸಿದರು. ಬಸ್ಸಿನಿಂದ ಇಳಿದ ಮುದುಕರಲ್ಲಿ ಊರುಗೋಲು ಹಿಡಿದ ಉದ್ದನೆಯವನೊಬ್ಬ ಫಲಕದ ಮುಂದೆ ಬಹಳ ಹೊತ್ತು ನಿಂತ. ರೀಟ್ ನನ್ನ ಕೋಟು ಹಿಡಿದು ಅವನ ಹತ್ತಿರ ಎಳೆದುಕೊಂಡು ಹೋದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ.

"ಈ ಊರು ನೆನಪಿದೆಯಾ ಅಂತ ಕೇಳು."

ಕೇಳಿದೆ. ಮುದುಕ ಕಿವಿಯ ಯಂತ್ರ ಸರಿಮಾಡಿಕೊಂಡು, ಸುತ್ತ ನೋಡಿ, ಇಲ್ಲವೆಂದು ತಲೆಯಾಡಿಸಿದ.

"ನಿಮಗೆ ಬೇಸರವಾಗಬಾರದು," ಅಂದ. "ನಾನು ಹಾಲೆಂಡನ್ನೇ ನೋಡಿಲ್ಲ. ನಾವು ನಡೆದದ್ದೆಲ್ಲ ಕತ್ತಲಲ್ಲಿ. ನಾನು ನೋಡಿದ್ದು ಮುಂದಿನವನ ಬೆನ್ನು ಮಾತ್ರ. ಇಲ್ಲಿಗೆ ಬಂದಿದ್ದೆನೋ ಇಲ್ಲವೋ ಅಂತಲೂ ಆಣೆ ಮಾಡಲಾರೆ."

ರೀಟ್ ನನ್ನ ಮುಖ ನೋಡುತ್ತಿದ್ದರು. ಹುಟ್ಟಿದಾಗಿನಿಂದ ಅಂಕಿಗಳನ್ನು ಒಂದು ಕೂದಲೆಳೆಯಷ್ಟೂ ತಿದ್ದದ ನನಗೆ ಆಗ ತಿದ್ದುವ ಆಸೆ ಬಂತು. ಚೆನ್ನಾಗಿ ನೆನಪಿದೆಯಂತೆ, ಬೇಕರಿಯ ಗೋಡೆ ಕೂಡ ನೆನಪಿದೆಯಂತೆ ಅನ್ನಬಹುದಿತ್ತು, ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಇಡೀ ಊರಿನ ಮುಂದೆ ಬಕೆಟ್ಟಿನ ವಿಷಯ ಹೇಳಿದ ಹೆಂಗಸಿಗೆ ನಾನು ಹಸುವಿನ ಕತೆ ಹೇಳುವುದೇ? ಮುದುಕ ಅಂದದ್ದನ್ನು ಅಂದ ಹಾಗೆಯೇ ಡಚ್ಚಿನಲ್ಲಿ ಹೇಳಿದೆ. ಬೆನ್ನಿನ ಮಾತನ್ನೂ, ಆಣೆಯ ಮಾತನ್ನೂ.

ರೀಟ್ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮುಖ ಅರಳಿತು.

"ಸರಿಯಾಗಿಯೇ ಹೇಳ್ತಿದ್ದಾನೆ. ಅವನಿಗೆ ಕಾಣಿಸೋ ಹಾಗೇ ಇರಲಿಲ್ಲ," ಅಂದರು. "ಅವನು ನೋಡದಿದ್ದರೆ ಏನಾಯ್ತು? ನಾನು ಅವರನ್ನ ನೋಡಿದ್ದೀನಲ್ಲ. ಬಾ ಅನ್ನು ಅವನಿಗೆ. ಈಗ ಬೆಳಕಿದೆ, ಊರು ತೋರಿಸ್ತೀನಿ."

ಬಸ್ಸಿನ ಡ್ರೈವರ್ ಗಡಿಯಾರ ತಟ್ಟಿ ತೋರಿಸಿದ. ರೀಟ್ ಅವನ ಕಡೆ ಅಂಗೈ ಅಡ್ಡ ಹಿಡಿದು, ಮುದುಕನ ಮೊಣಕೈಗೆ ಕೈ ಸೇರಿಸಿ, ಅವನಿಗೆ ಅರ್ಥವಾಗದ ಭಾಷೆಯಲ್ಲಿ ಜೋರಾಗಿ ಮಾತಾಡುತ್ತಾ, ಬೇಕರಿಯ ಕಡೆಗೆ ನಡೆದರು.